ಆಯಿಯ ಅವ್ವನ ಮೈಬಣ್ಣ

ನಾನು ಬರೆದ ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯದು ಒಂದು ನಕಲು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಆ ನಕಲಿಗೆ ಹಿಡಿದದ್ದು ಐದು ತಿಂಗಳು, ಹಾಳಾದದ್ದು ಒಂದು ಪೂರ್ತಿ ಕ್ಯಾನ್ವಾಸು, ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮನುಷ್ಯರ ಮುಖ ಬರೆಯುವುದನ್ನು ನಾನು ಕಲಿತದ್ದು ಅದರಲ್ಲಿಯೇ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸಿಂದಗಿಯ ಬೋರ್ಡ್ ಪೇಂಟರ್. ಆ ಚಳಿಗಾಲದಲ್ಲಿ ಬಸವನ ಬಾಗೇವಾಡಿಯ ಕಿರಾಣಿ ಅಂಗಡಿಯೊಂದಕ್ಕೆ ಹೆಸರು ಬರೆಯಲು ಏಣಿ ಹತ್ತಿ ನಿಂತಿದ್ದೆ. ಅರವತ್ತೈದು ದಾಟಿದ ಒಬ್ಬ ಹೆಣ್ಣುಮಗಳು ತಲೆತುಂಬ ಸೆರಗು ಹೊದ್ದು ಕೆಳಗೆ ನಿಂತು ನನ್ನ ಕುಂಚವನ್ನೇ ನೋಡುತ್ತಿದ್ದರು. ಇಡೀ ಓಣಿ ಅವರನ್ನು ಆಯಿ ಎಂದು ಕರೆಯುತ್ತಿತ್ತು. ಅಕ್ಷರದ ಕೊನೆಯ ಸುಳಿ ತಿರುವಿ ನಾನು ಕೆಳಗಿಳಿದಾಗ ಕೇಳಿದರು:

"ಅಕ್ಷರಾ ಬರಿಯಾಂವ ಮುಖಾನೂ ಬರೀತೀಯೇನೋ ಯಪ್ಪಾ?"

"ಬರೀತೇನ್ರಿ ಆಯಿ," ಅಂದೆ.

ಅದು ಶುದ್ಧ ಸುಳ್ಳು. ಅದುವರೆಗೆ ನಾನು ಬರೆದ ಮುಖವೆಂದರೆ ಹಲ್ಲುಪುಡಿಯ ಜಾಹೀರಾತಿನಲ್ಲಿ ನಗುವ ಹುಡುಗಿಯದೊಂದೇ. ಅದರಲ್ಲಿ ಹಲ್ಲು ಮಾತ್ರ ಚೆನ್ನಾಗಿ ಬಂದಿದ್ದವು.

ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಪಡಸಾಲೆಯ ಗೋಡೆ ತೋರಿಸಿದರು. ಮೂರಡಿ ಎತ್ತರದ ಎಣ್ಣೆಬಣ್ಣದ ಚಿತ್ರ. ಇಳಕಲ್ಲ ಸೀರೆ ಉಟ್ಟ ಹೆಂಗಸು ಮಣೆಯ ಮೇಲೆ ಕುಳಿತಿದ್ದಾಳೆ, ತೊಡೆಯ ಮೇಲೆ ವೀಣೆ, ಹಿಂದೆ ಕಂಬ ಮತ್ತು ಪರದೆ. ಮುಖ ಅರ್ಧ ತಿರುಗಿದೆ, ಬೆಳಕು ಎಡಗಡೆಯಿಂದ ಬಿದ್ದಿದೆ. ಹಳೆಯ ಸಂಸ್ಥಾನಗಳ ಅರಮನೆಯಲ್ಲಿ ತೂಗುಹಾಕುವಂಥ ಶಾಸ್ತ್ರೀಯ ಕೈ. ಎಲ್ಲೂ ಒಂದು ಗೆರೆ ಇಲ್ಲ, ಆದರೂ ಕೆನ್ನೆ ದುಂಡಗಿದೆ, ಮೂಗು ಮುಂದಕ್ಕೆ ಬಂದಿದೆ. ಅದನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು. ಹೌದು, ಮೊದಲು ಆದದ್ದು ಭಕ್ತಿಯಲ್ಲ, ಹೊಟ್ಟೆಕಿಚ್ಚು.

"ಆಕಿ ನಮ್ಮವ್ವ," ಎಂದರು ಆಯಿ. "ತಮ್ಮ ಹುಟ್ಟಿ ನಾಕ ತಿಂಗಳಿಗೆ ತೀರಿಕೊಂಡ್ಳು. ಒಂದ ಫೋಟೋ ಇಲ್ಲ. ಇದೊಂದ ಐತಿ."

ಆ ತಮ್ಮ ಈಗ ಮುದ್ದೇಬಿಹಾಳದಲ್ಲಿ ವಕೀಲರು. ಕೂಸಿದ್ದಾಗಲೇ ಸೋದರತ್ತೆ ಅವರನ್ನು ಮುದ್ದೇಬಿಹಾಳಕ್ಕೆ ಒಯ್ದು ಸಾಕಿದ್ದರು. ತಾಯಿಯ ಮುಖ ಕಂಡದ್ದು ಈ ಚಿತ್ರದಲ್ಲಿ ಮಾತ್ರ. ಐವತ್ತು ವರ್ಷ ಅಕ್ಕನ ಬಳಿ ಇದ್ದದ್ದು ಸಾಕು, ಇನ್ನು ಚಿತ್ರ ತನಗೆ ಬೇಕು ಎಂದು ಅವರು ಹಟ ಹಿಡಿದಿದ್ದರು. ಆಯಿ ಕೊಡಲು ಒಪ್ಪಿರಲಿಲ್ಲ. ಕೊನೆಗೆ ಒಂದು ಕರಾರು ಆಗಿತ್ತು. ಆಯಿ ಒಂದು ನಕಲು ಬರೆಸಬೇಕು. ಕಾರಹುಣ್ಣಿಮೆಯ ಮರುದಿನ ವಕೀಲರು ಬಂದು ನೋಡುತ್ತಾರೆ. ಅವರ ಮನಸ್ಸಿಗೆ ಬಂದರೆ ನಕಲು ಒಯ್ಯುತ್ತಾರೆ, ಇಲ್ಲದಿದ್ದರೆ ಗೋಡೆಯ ಮೇಲಿನ ಚಿತ್ರವನ್ನೇ ಬಿಚ್ಚಿಕೊಂಡು ಹೋಗುತ್ತಾರೆ.

"ಅಂದ್ರ ನೀ ಕೆಡಿಸಿದಿ ಅಂದ್ರ ನಮ್ಮವ್ವ ಈ ಮನಿ ಬಿಟ್ಟ ಹೋಗ್ತಾಳ. ತಿಳೀತಿಲ್ಲೋ?" ಎಂದರು.

ತಿಳಿಯಿತು. ಅಂದು ಸಂಜೆಯೇ ಬಸ್ಸು ಹಿಡಿದು ಹೊರಟೆ. ಇಂಡಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಇದ್ದರು. ಮುಂಬೈಯಲ್ಲಿ ಕಲಿತು ಬಂದವರು. ಊರ ಹೊರಗೆ ನಿಂಬೆಗಿಡಗಳ ನಡುವೆ ಮನೆ, ಬಾಯಿ ಮಾತ್ರ ಖಾರ. ನನ್ನ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿಕೊಂಡೆ.

"ಚಲೋ ಮಾಡಿದಿ," ಎಂದರು ಮಾಸ್ತರರು. "ಈಜು ಬರದಾಂವ ಬಾವಿಗೆ ಹಾರಿ, ಆಮ್ಯಾಲ ಈಜು ಕಲಸ್ರಿ ಅಂತ ಕೂಗಿದ್ಹಂಗಾತು. ಕುಂದ್ರು."

ಮೊದಲ ಪಾಠ ಕುಂಚದ್ದಲ್ಲ, ಬಟ್ಟೆಯದು. ಮಾಂಜರಪಾಟ ಎಂಬ ದಪ್ಪ ಹತ್ತಿಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಬಡಿಗರ ಅಂಟು ಸರೇಸಿನಲ್ಲಿ ಖಡು ಅಂದರೆ ಸೀಮೆಸುಣ್ಣದ ಪುಡಿ ಮತ್ತು ಸತುವಿನ ಬಿಳಿ ಕಲಸಿ ಮೂರು ಸಲ ಬಳಿಯಬೇಕು. ಪ್ರತಿ ಸಲ ಒಣಗಿದ ಮೇಲೆ ಪಾಲಿಶ್ ಕಾಗದದಿಂದ ತಿಕ್ಕಬೇಕು. ಬಣ್ಣದ ಟ್ಯೂಬುಗಳನ್ನು ಸೊಲ್ಲಾಪುರದಿಂದ ತರಿಸಬೇಕು: ಬಿಳಿ, ಮಣ್ಣುಹಳದಿ, ಕಾವಿ, ಕಂದು, ನೀಲಿ. ಬಣ್ಣ ತೆಳುಮಾಡಲು ಅಗಸಿ ಎಣ್ಣೆ. ಅದಕ್ಕೇನೂ ಸೊಲ್ಲಾಪುರ ಬೇಕಿರಲಿಲ್ಲ, ಸಿಂದಗಿಯ ಗಾಣದಲ್ಲೇ ಸಿಗುತ್ತಿತ್ತು. ಸೀಸೆಗೆ ತುಂಬಿ ಮೂರು ವಾರ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ.

"ಕರೇ ಬಣ್ಣದ ಟ್ಯೂಬು ತಂದೆಂದ್ರ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ," ಎಂದು ಹೊರಡುವಾಗ ಹೇಳಿದರು. "ಕತ್ತಲಿ ಬೇಕಾದ್ರ ನೀಲಿ, ಕಂದು ಕೂಡಿಸಿ ಮಾಡ್ಕೊ."

ನನಗೆ ಇರಲು ಆಯಿ ತಮ್ಮ ಹೊರಗಿನ ಖೋಲಿ ಬಿಟ್ಟುಕೊಟ್ಟರು. ವಾರಕ್ಕೆರಡು ದಿನ ಬೋರ್ಡಿನ ಕೆಲಸ, ಉಳಿದ ದಿನ ಚಿತ್ರ. ಮೊದಲ ಹದಿನೈದು ದಿನ ಆಕಾರ ಇಳಿಸುವುದರಲ್ಲೇ ಹೋದವು. ಮೂಲ ಚಿತ್ರಕ್ಕೆ ಪೆನ್ಸಿಲ್ ತಾಗಿಸುವ ಹಾಗಿಲ್ಲ. ಅದಕ್ಕೆ ಹಗುರ ಪಟ್ಟಿಗಳ ಚೌಕಟ್ಟು ಮಾಡಿ, ಎರಡೆರಡು ಇಂಚಿಗೆ ಮೊಳೆ ಹೊಡೆದು, ಅಡ್ಡಕ್ಕೂ ಉದ್ದಕ್ಕೂ ಬಿಳಿ ದಾರ ಕಟ್ಟಿ ಚಿತ್ರದ ಮುಂದೆ ನಿಲ್ಲಿಸಿದೆ. ನನ್ನ ಬಟ್ಟೆಯ ಮೇಲೂ ಅಷ್ಟೇ ಚೌಕ ಗೀಚಿದೆ. ತಲೆ ಒಂದು ಇಂಚು ಸರಿದರೆ ಸಾಕು, ಮೂಗು ಪಕ್ಕದ ಚೌಕಕ್ಕೆ ಹೋಗುತ್ತಿತ್ತು. ಎರಡು ದಿನ ಬಾಯಿ ಯಾಕೆ ಸೊಟ್ಟ ಬರುತ್ತಿದೆ ಎಂದು ತಿಳಿಯದೆ ಒದ್ದಾಡಿ, ಕೊನೆಗೆ ನೆಲದ ಮೇಲೆ ನನ್ನ ಎರಡೂ ಹೆಜ್ಜೆಯ ಗುರುತು ಖಡುವಿನಲ್ಲಿ ಬರೆದು, ದಿನಾಲೂ ಅಲ್ಲಿಯೇ ಕಾಲಿಟ್ಟು ನಿಂತೆ. ಆಯಿ ಪಡಸಾಲೆ ಸಾರಿಸುವಾಗ ಆ ನಾಲ್ಕು ಬೆರಳು ನೆಲ ಬಿಟ್ಟು ಸಾರಿಸುತ್ತಿದ್ದರು.

ಆಕಾರ ಬಂತು. ಬೀಗುತ್ತ ಕಣ್ಣಿಗೆ, ತುಟಿಗೆ, ಹುಬ್ಬಿಗೆ ಕಂದು ಬಣ್ಣದಲ್ಲಿ ಅಂಚು ಕಟ್ಟಿ ಇಂಡಿಗೆ ಒಯ್ದೆ. ಬೋರ್ಡಿನ ಅಕ್ಷರಕ್ಕೆ ಅಂಚು ಕಟ್ಟಿದರೆ ದೂರಕ್ಕೆ ಎದ್ದು ಕಾಣುತ್ತದಲ್ಲ, ಅದೇ ಬುದ್ಧಿ. ಮಾಸ್ತರರು ನೋಡಿದರು, ಹೆಬ್ಬೆರಳಿನಿಂದ ಒಂದೇ ಸಲ ಎರಡೂ ಕಣ್ಣು ಒರೆಸಿಬಿಟ್ಟರು.

"ಅಂಗಡಿಗೆ ಗೆರಿ ಬೇಕು. ಮುಖದಾಗ ಗೆರಿ ಎಲ್ಲೈತಿ? ನಿನ್ನ ಮುಖಾ ಮುಟ್ಟಿ ನೋಡ್ಕೊ. ಬೆಳಕು ಮುಗೀತೈತಿ, ನೆಳ್ಳು ಸುರುವಾಕ್ಕೈತಿ, ಅಷ್ಟ."

ಅಳು ಬರುವಷ್ಟು ಸಿಟ್ಟು ಬಂತು. ಎರಡು ವಾರದ ಕೆಲಸ ಅವರ ಹೆಬ್ಬೆರಳಿಗೆ ಹತ್ತಿಕೊಂಡಿತ್ತು. ಬಸ್ಸಿನಲ್ಲಿ ಕುಳಿತು ಎದುರಿನವರ ಮುಖಗಳನ್ನು ನೋಡುತ್ತ ಬಂದೆ. ಮಾಸ್ತರರ ಮಾತು ನಿಜ, ಒಬ್ಬರ ಕಣ್ಣಿಗೂ ಗೆರೆ ಇರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ನಾನೇ ತಂದುಕೊಂಡದ್ದು. ಮುಖಕ್ಕೆ ಬಣ್ಣ ತುಂಬುವ ಹೊತ್ತಿಗೆ ಅಗಸಿ ಎಣ್ಣೆ ತೀರಿತು. ಸಿಂದಗಿಗೆ ಹೋಗಿ ಬಂದರೆ ಒಂದು ದಿನ ಹೋಗುತ್ತದೆ, ಆಮೇಲೆ ಮೂರು ವಾರ ಬಿಸಿಲು. ಆಯಿಯ ಅಡಿಗೆಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು. ನಮ್ಮ ಕಡೆ ಯಾರ ಮನೆಯಲ್ಲಿ ಇರುವುದಿಲ್ಲ? ಎಣ್ಣೆ ಎಣ್ಣೆಯೇ ಎಂದುಕೊಂಡು ಒಂದು ಬಟ್ಟಲು ಬೇಡಿ ತಂದೆ. ಬಣ್ಣ ಬೆಣ್ಣೆಯ ಹಾಗೆ ಜಾರಿತು. ಅದು ಮಾಸ್ತರರಿಗೇ ಗೊತ್ತಿಲ್ಲದ ಗುಟ್ಟೆಂದು ಹಿಗ್ಗಿದೆ. ಇಡೀ ಮುಖ, ಎರಡೂ ಕೈ ಅದರಲ್ಲೇ ಮುಗಿಸಿದೆ.

ಮೂರು ವಾರವಾದರೂ ಮುಖ ಒಣಗಲಿಲ್ಲ. ಮೇಲ್ಗಡೆ ಸ್ವಲ್ಪ ಗಟ್ಟಿಯಾದಂತೆ ಕಂಡಾಗ, ಅಷ್ಟರಲ್ಲಿ ತರಿಸಿ ಬಿಸಿಲಿಗಿಟ್ಟಿದ್ದ ಅಗಸಿ ಎಣ್ಣೆಯಲ್ಲಿ ಎರಡನೆಯ ಪದರ ಬರೆದೆ. ಮೇಲಿನದು ಬೇಗ ಬಿಗಿಯಿತು, ಒಳಗಿನದು ಹಸಿ ಉಳಿಯಿತು, ಆಯಿಯ ಅವ್ವನ ಹಣೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಗಾಬರಿಯಾಗಿ ಅದನ್ನು ಬಸ್ಸಿನ ಟಾಪಿನ ಮೇಲೆ ಕಟ್ಟಿಕೊಂಡು ಇಂಡಿಗೆ ಓಡಿದೆ. ದಾರಿಯುದ್ದಕ್ಕೂ ಕಣಗಳಲ್ಲಿ ಜೋಳ ತೂರುತ್ತಿದ್ದ ದಿನಗಳು. ಇಳಿಸಿ ನೋಡಿದರೆ ಕೆನ್ನೆಯ ತುಂಬ ಹೊಟ್ಟು.

ಮಾಸ್ತರರು ಬಗ್ಗಿ ಮೂಸಿ ನೋಡಿದರು.

"ಕುಸುಬಿ! ಲೇ ಪೇಂಟರ, ಚಿತ್ರಾ ಬರದ್ಯೋ, ವಗ್ಗರಣಿ ಹಾಕಿದ್ಯೋ?"

ಮಾಡಿದ್ದುಣ್ಣೋ ಮಹಾರಾಯ. ತಡವಾಗಿ ಒಣಗುವುದು ಕೆಳಗಿರಬಾರದು, ಬೇಗ ಒಣಗುವುದು ಮೇಲಿರಬಾರದು. ಇಷ್ಟು ಸಣ್ಣ ನಿಯಮಕ್ಕೆ ಎರಡು ತಿಂಗಳು ಕೊಟ್ಟೆ. ಬಟ್ಟೆ ಉಳಿಯುವ ಹಾಗಿರಲಿಲ್ಲ. ಅವರ ನಿಂಬೆಗಿಡದ ಕೆಳಗೆ ಕುಳಿತು ಚಾಕುವಿನಿಂದ ಪೂರ್ತಿ ಕೆರೆದು ತೆಗೆದೆ. ಮಾಸ್ತರರು ಬೈಯಲಿಲ್ಲ. ಚಹಾ ತಂದುಕೊಟ್ಟು, "ಇನ್ನ ಸುರು ಮಾಡು," ಎಂದರಷ್ಟೆ.

ಹೊಸ ಬಟ್ಟೆ ಬಿಗಿದೆ. ಈ ಸಲ ಮಾಸ್ತರರು ಹೇಳಿದ ಕ್ರಮವನ್ನು ಎಳ್ಳಷ್ಟೂ ಬಿಡಲಿಲ್ಲ. ಮೊದಲು ಮುಖ, ಕೈ ಎಲ್ಲ ಹಸಿರು ಬೆರೆತ ಬೂದಿಬಣ್ಣದಲ್ಲಿ ಬರೆಯಬೇಕು. ಇದರಲ್ಲಿ ಬೆಳಕು ನೆರಳಿನ ಲೆಕ್ಕ ಮಾತ್ರ, ರಕ್ತವಿಲ್ಲ. ಅದು ಒಣಗಿದ ಮೇಲೆ ತೆಳುವಾದ ಬಣ್ಣಗಳನ್ನು ಒಂದರ ಮೇಲೊಂದು ಹೊದಿಸುತ್ತ ಹೋದರೆ ಒಳಗಿನ ಹಸಿರು ಚರ್ಮದ ಕೆಳಗಿನ ನರದಂತೆ ಸ್ವಲ್ಪವೇ ಇಣುಕುತ್ತದೆ. ಇದನ್ನು ಆಯಿಗೆ ಮೊದಲೇ ಹೇಳಬೇಕಿತ್ತು. ಒಂದು ಮುಂಜಾನೆ ಹೂವು ಏರಿಸಲು ಬಂದವರು ನನ್ನ ಬಟ್ಟೆ ನೋಡಿ ಹೌಹಾರಿದರು.

"ಯಪ್ಪಾ, ಒಮ್ಮಿ ಸತ್ತಾಕಿನ್ನ ಇನ್ನೊಮ್ಮಿ ಸಾಯಿಸಿದ್ಯಲ್ಲೋ!"

ಇನ್ನು ಮೈಬಣ್ಣ. ಗೋಡೆಯ ಮೇಲಿನ ಮುಖ ಕಡು ಕಂದು, ಹಳದಿ ಬೆರೆತದ್ದು. ಅದಕ್ಕೆ ಸರಿಹೊಂದಿಸಲು ಎಷ್ಟೇ ಕಲಸಿದರೂ ನನ್ನದು ಕೆಸರಾಗುತ್ತಿತ್ತು. ಬೆಳಕು ಬಿದ್ದ ಹಣೆಯೂ ಮಂಕು, ನೆರಳೂ ಮಂಕು. ಬಣ್ಣದ ಚೂರುಗಳನ್ನು ಕಾಗದಕ್ಕೆ ಹಚ್ಚಿ ಮಾಸ್ತರರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಕೇಳಿದರು:

"ಚಿತ್ರಾ ಎಲ್ಲಿ ತೂಗಹಾಕ್ಯಾರ?"

"ಪಡಸಾಲ್ಯಾಗ್ರಿ. ಬಲಕ್ಕ ದೇವರ ಜಗಲಿ, ಹಿಂದ ಅಡಗಿಮನಿ."

"ಅಂದ್ರ ಐವತ್ತ ವರ್ಷದ ಹೊಗಿ ಕುಂತೈತಿ. ನೀ ಬಣ್ಣಾ ನಕಲ ಮಾಡವಲ್ಲಿ, ಹೊಗಿ ನಕಲ ಮಾಡಾಕತ್ತಿ. ಕೆಳಗ ಚೌಕಟ್ಟಿನ ಅಂಚಿಗೆ ಹತ್ತಿಗೆ ಉಗುಳು ಹಚ್ಚಿ ಕಡ್ಲಿಕಾಳಷ್ಟ ಒರಸಿ ನೋಡು. ಮುಖಕ್ಕ ಮಾತ್ರ ಕೈ ಹಚ್ಚಬ್ಯಾಡ."

ತೀರಿಕೊಂಡವರ ಚಿತ್ರಕ್ಕೆ ಎಂಜಲು ಹಚ್ಚಲು ನನಗೆ ಮನಸ್ಸಾಗಲಿಲ್ಲ. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಕೆಳಗಿನ ಮೂಲೆಯಲ್ಲಿ ಸೀರೆಯ ಅಂಚು ಒರೆಸಿದೆ. ಹತ್ತಿ ಚಹಾದ ಬಣ್ಣಕ್ಕೆ ತಿರುಗಿತು. ಕೊಳಕು ಹಸಿರಿನ ಜಾಗದಲ್ಲಿ ಅಚ್ಚ ನೀಲಿ ಹೊರಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮುಖದ ನಿಜವಾದ ಬಣ್ಣ ಗೊತ್ತಾದರೆ ನನ್ನ ಕೆಲಸ ಗೆದ್ದಂತೆಯೇ ಎಂಬ ಆಸೆ. ಕಿವಿಯ ಕೆಳಗೆ, ಕೆನ್ನೆ ಮುಗಿಯುವಲ್ಲಿ, ಕುಂಕುಮದ ಬೊಟ್ಟಿನಷ್ಟು ಒರೆಸಿದೆ.

ಬಿಳುಪು. ಹಾಲಿಗೆ ಗುಲಾಬಿ ಬೆರೆಸಿದಂಥ ಬಿಳುಪು. ಕಂದು ಮುಖದ ಮೇಲೆ ಆ ಚುಕ್ಕೆ ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು. ಹಿಂದೆ ಬಳೆ ಸದ್ದಾಯಿತು. ಆಯಿ ನಿಂತಿದ್ದರು. ಕೈಯಲ್ಲಿದ್ದ ಹತ್ತಿ ಬಚ್ಚಿಡಲೂ ನನಗೆ ತೋಚಲಿಲ್ಲ. ಅವರು ಬೈಯುತ್ತಾರೆಂದು ಕಾದೆ. ಅವರು ಹತ್ತಿರ ಬಂದು ಆ ಚುಕ್ಕೆ ನೋಡಿ, "ಮತ್ತ ಬಂದ್ಳೇನು ಆ ಬಿಳಿ ಮೇಡಮ್ಮ," ಎಂದು ಅಲ್ಲೇ ಕುಳಿತರು.

ಆಮೇಲೆ ಹೇಳಿದರು. ಅವರಿಗೆ ಹತ್ತು ವರ್ಷವಿದ್ದಾಗ ಮಿರಜದ ಕಡೆಯ ಚಿತ್ರಗಾರನೊಬ್ಬ ಬಂದು ಒಂದು ತಿಂಗಳು ಉಳಿದಿದ್ದ. ದೊಡ್ಡ ಮನೆಯ ಹೆಂಗಸು ಯಾರೇ ಇರಲಿ, ಅವನದು ಒಂದೇ ಭಂಗಿ, ಒಂದೇ ವೀಣೆ, ಒಂದೇ ಬಿಳುಪು.

"ನಮ್ಮವ್ವ ವೀಣಾ ಕಂಡಾಕಿನೂ ಅಲ್ಲ. ಕರ್ರಗ ನನ್ನಂಗ ಇದ್ಳು, ನನಕಿಂತಾ ಒಂದ ಕೈ ಹೆಚ್ಚ. ಚಿತ್ರಾ ಮುಗದ ಮ್ಯಾಲ ನೋಡಿ, 'ಈಕಿ ಯಾರು?' ಅಂತ ಕೇಳಿದ್ಳು. ನಮ್ಮಪ್ಪಗ ಸಿಟ್ಟ ಬಂತು. ಆಕಿ ಹ್ವಾದ ಮ್ಯಾಲ ನನಗ ಈ ಬಿಳಿ ಹೆಂಗಸನ್ನ ನೋಡಿದ್ರ ಆಗ್ತಿರಲಿಲ್ಲ. ವರ್ಷಾ ಹೋದಂಗ ಹೊಗಿ ಹತ್ತಿತು. ನನ್ನ ಕಣ್ಣ ಮುಂದ ಸಾವಕಾಶ ನಮ್ಮವ್ವ ಆದ್ಳು."

ನಾನು ಕೊಳೆ ಎಂದು ಒರೆಸಿದ್ದು ಅವರ ತಾಯಿಯನ್ನು. ನಾಚಿಕೆಯಿಂದ ಅವರ ಕಾಲು ಮುಟ್ಟಿದೆ. "ಇರಲಿ ಬಿಡು. ಹೊಗಿಗೇನು ಬರ ಐತಿ ನಮ್ಮ ಮನ್ಯಾಗ? ಮತ್ತ ಹತ್ತತೈತಿ," ಎಂದರು.

"ವಕೀಲ ಸಾಹೇಬ್ರಿಗೆ ಇದು ಗೊತ್ತೈತೇನ್ರಿ?"

"ಎಲ್ಲೀ ಗೊತ್ತು! ಅಂವ ಸಾಲಿ ಸೂಟಿಗೆ ಬರ್ತಿದ್ದಾಗ ಚಿತ್ರಾ ಇನ್ನಾ ಬೆಳ್ಳಗಿತ್ತು. ನಿಮ್ಮವ್ವ ಹಾಲಿನಂಗ ಇದ್ಳು, ನೀವಿಬ್ರೂ ಅಜ್ಜಿನ್ನ ಹೋಲ್ತೀರಿ ಅಂತ ಅತ್ತಿ ಹೇಳಿಬಿಟ್ಟಿದ್ಳು. ತಾಯಿಲ್ಲದ ಕೂಸು ಆ ಬಿಳಿ ಮುಖಾ ನೋಡಿ ಅಳ್ತಿತ್ತು. ಅದು ನಮ್ಮವ್ವ ಅಲ್ಲ ಅಂತ ಹೆಂಗ ಹೇಳ್ಲಿ?"

ಈಗ ನನ್ನ ಮುಂದೆ ಎರಡು ದಾರಿ. ಬಿಳಿ ಹೆಂಗಸನ್ನು ಬರೆದರೆ ವಕೀಲರು ನಕ್ಕು ಒಯ್ಯುತ್ತಾರೆ, ಅವರ ನೆನಪಿನಲ್ಲಿರುವುದು ಅವಳೇ. ಮೂಲ ಚಿತ್ರ ಆಯಿಯ ಬಳಿ ಉಳಿಯುತ್ತದೆ, ನನಗೂ ಹೆಸರು ಬರುತ್ತದೆ. ನಿಜವಾದ ಕಪ್ಪು ಮೈಬಣ್ಣ ಬರೆದರೆ ಅವರು ಇದು ನಮ್ಮ ಅವ್ವನೇ ಅಲ್ಲ ಎಂದು ಎದ್ದು, ಕರಾರಿನಂತೆ ಗೋಡೆಯ ಚಿತ್ರ ಬಿಚ್ಚಿಸಬಹುದು. ನನಗೆ ಬರೆಯಬೇಕೆನಿಸಿದ್ದು ಕಪ್ಪು ಮುಖ. ಬಿಳುಪಿನ ನಕಲು ಬರೆಯುವುದು ಸುಳ್ಳಿನ ನಕಲು ಬರೆದಂತೆ. ಆದರೆ ಕಳೆದುಕೊಳ್ಳುವವರು ಆಯಿ, ನಾನಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಅವರ ಮುಂದಿಟ್ಟೆ. ಮರುದಿನ ರೊಟ್ಟಿ ಹಾಕುತ್ತ ಹೇಳಿದರು:

"ಇದ್ದಂಗ ಬರಿ. ಆಕಿನ್ನ ಕಂಡಾವ್ರೊಳಗ ಉಳದಾಕಿ ನಾ ಒಬ್ಬಾಕಿ. ನಾ ಹ್ವಾದ ಮ್ಯಾಲ ಅವಗ ಹೇಳಾವ್ರು ಯಾರ ಅದಾರ?"

ಮಾಸ್ತರರು ಒಪ್ಪಲಿಲ್ಲ. "ನಕಲ ಅಂದ್ರ ಕಣ್ಣ ಮುಂದ ಇದ್ದದ್ದು. ಅದನ್ನ ಬಿಟ್ಟು ನಿನ್ನ ಶಾಣ್ಯಾತನಾ ತೋರಸಬ್ಯಾಡ," ಎಂದರು. ಅವರ ಎದುರು ಅಂದು ಮೊದಲ ಸಲ ವಾದಿಸಿದೆ. ಭಂಗಿ, ಬೆಳಕು, ವೀಣೆ, ಸೀರೆ ಯಾವುದನ್ನೂ ಬದಲಿಸುವುದಿಲ್ಲ, ಮೈಬಣ್ಣ ಮಾತ್ರ ಎಂದೆ.

"ಬಣ್ಣಕ್ಕ ಮಾದರಿ ಎಲ್ಲೈತಿ? ಹೊಗಿಯಿಂದ ತಗೀತಿಯೇನು?"

"ಆಕಿ ಮಗಳ ಕೈ ಐತ್ರಿ, ಮಾಸ್ತರ್ರ."

ಅವರು ಒಳಗೆ ಹೋಗಿ ತಮ್ಮ ಹಳೆಯ ಪೆಟ್ಟಿಗೆಯಿಂದ ಅರ್ಧ ಖಾಲಿಯಾದ ಕಡುನೀಲಿ ಟ್ಯೂಬೊಂದನ್ನು ತಂದು ನನ್ನ ಕಿಸೆಗೆ ಹಾಕಿದರು. "ಬೆಳ್ಳನ ಮೈ ಬರಿಯೋದು ಸಸಾರ, ಎಲ್ಲಾರೂ ಬರದಾರ. ಕರೇ ಮೈಯಾಗ ಮುಗಲು ಕಾಣ್ತೈತಿ. ಹೊಳಪು ಎಲ್ಲಿ ಬೀಳ್ತೈತಿ ನೋಡು," ಎಂದರು.

ದಿನಾಲೂ ಒಂಬತ್ತರಿಂದ ಹನ್ನೊಂದರವರೆಗೆ ತಲೆಬಾಗಿಲಿನ ಬೆಳಕು ಚಿತ್ರದಲ್ಲಿದ್ದಂತೆಯೇ ಎಡಗಡೆಯಿಂದ ಬೀಳುತ್ತಿತ್ತು. ಆಯಿಯನ್ನು ಅಲ್ಲಿ ಕೂಡಿಸಿ, ವೀಣೆಯ ಬದಲು ಲಟ್ಟಣಿಗೆ ಹಿಡಿಸಿದೆ. ಅವರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಮೂರು ನಿಮಿಷಕ್ಕೊಮ್ಮೆ ಲಟ್ಟಣಿಗೆ ತಾನಾಗಿ ಉರುಳುತ್ತಿತ್ತು. ಆಕಾರವನ್ನು ಮೂಲ ಚಿತ್ರದಿಂದ, ಬಣ್ಣವನ್ನು ಆ ತೋಳಿನಿಂದ ತೆಗೆದುಕೊಂಡೆ. ಬಣ್ಣ ಕಲಸಿದ ಚಾಕುವನ್ನು ಅವರ ಮೊಣಕೈ ಪಕ್ಕಕ್ಕೇ ಹಿಡಿದು ಹೋಲಿಸಿ ನೋಡುತ್ತಿದ್ದೆ. ಮುಪ್ಪಿನ ಸುಕ್ಕು, ಒಣಕಲು ಬೂದಿಬಣ್ಣ ಬಿಟ್ಟು ಮೂವತ್ತರ ಮೈಯನ್ನು ಊಹಿಸಬೇಕಿತ್ತು. ಅದಕ್ಕೆ ಅವರು ತಾವೇ ತೋಳಿಗೆ ಎಣ್ಣೆ ತಿಕ್ಕಿಕೊಂಡು ಬಂದರು.

ಆಗ ಕಂಡಿತು. ನೆರಳು ಕಪ್ಪಲ್ಲ, ಅದರಲ್ಲಿ ಬೆಚ್ಚಗಿನ ಕೆಂಪಿದೆ. ಕಂದಿಗೆ ಕಾವಿ ಕೂಡಿಸಿದರೆ ಸಿಗುತ್ತದೆ. ನೆರಳಿನಿಂದ ಬೆಳಕಿಗೆ ಬರುವ ಅಂಚಿನಲ್ಲಿ ಮೈಯ ನಿಜವಾದ ಬಣ್ಣ ತುಂಬಿರುತ್ತದೆ. ಹೊಳಪು ಬೀಳುವ ಎಲುಬಿನ ಮೇಲೆ, ಮೂಗಿನ ತುದಿಯಲ್ಲಿ, ಹಣೆಯ ಎಡಕ್ಕೆ ತಣ್ಣನೆಯ ನೀಲಿ. ಅಂಗಳದ ಮೇಲಿನ ಆಕಾಶವೇ ಅದು. ಬಿಳಿ ಬಣ್ಣ ಎಷ್ಟು ಕಡಿಮೆ ಬಳಸಿದರೆ ಅಷ್ಟು ಬೆಳಕು. ಒಂದೊಂದು ಪದರಕ್ಕೂ ನಾಲ್ಕೈದು ದಿನ ಒಣಗಲು ಬಿಟ್ಟು, ಹೀಗೆ ಏಳು ಪದರ ಹೊದಿಸಿದೆ. ಏಳನೆಯದು ಒಣಗಿದ ದಿನ ಹಿಂದೆ ಸರಿದು ನೋಡಿದೆ. ಅಲ್ಲಿ ಒಬ್ಬ ಹೆಂಗಸು ಉಸಿರು ಹಿಡಿದು ಕುಳಿತಿದ್ದಳು. ನನ್ನ ಕೈಯಿಂದ ಇಂಥದ್ದು ಬಂದಿತೆಂದು ನನಗೇ ನಂಬಿಕೆಯಾಗದೆ ಅಂಗಳದಲ್ಲಿ ಎರಡು ಸುತ್ತು ಓಡಿದೆ. ಆಯಿ ಚಿತ್ರವನ್ನು ನೋಡಿ, ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು, ಹಚ್ಚಿದರೆ ಬಣ್ಣ ಕೆಟ್ಟೀತೆಂದು ಅಂಜಿ ಹಾಗೇ ಹಿಡಿದುಕೊಂಡು ನಿಂತರು.

ಕಾರಹುಣ್ಣಿಮೆಯ ಮರುದಿನ ವಕೀಲರ ಜೀಪು ಬಂತು. ಎತ್ತರದ ಆಳು, ಬಿಳಿ ಧೋತರ, ಕಪ್ಪು ಕೋಟು. ಕೋಟಿಗೂ ಮುಖಕ್ಕೂ ಹೆಚ್ಚು ಅಂತರವಿರಲಿಲ್ಲ. ಎರಡೂ ಚಿತ್ರಗಳನ್ನು ಒಂದೇ ಬೆಳಕಿಗೆ ಅಕ್ಕಪಕ್ಕ ಇಟ್ಟಿದ್ದೆ. ಅವರು ಹಳೆಯದಕ್ಕೆ ಕೈಮುಗಿದು, ಹೊಸದರ ಕಡೆ ತಿರುಗಿದರು.

"ಇದ್ಯಾರು?"

ಕೋರ್ಟಿನ ದನಿ.

"ನಮ್ಮವ್ವ," ಎಂದರು ಆಯಿ. "ಅತ್ತಲಾಗ ಕುಂತಾಕಿನ್ನ ಆ ಮಿರಜದಾಂವ ತನ್ನ ಮನಸಿನ್ಯಾಗಿಂದ ತಂದಿದ್ದ. ಖರೇ ಅಂದ್ರ, ನಮ್ಮವ್ವ ಹಿಂಗ ಇದ್ಳು. ಅತ್ತಿ ಸುಳ್ಳ ಹೇಳಿದ್ಳು. ನಾನೂ ಬಾಯಿ ಮುಚ್ಚಿಕೊಂಡೆ. ಸಿಟ್ಟ ಆಗೂದಿದ್ರ ನನ್ನ ಮ್ಯಾಲ ಆಗು, ಈ ಹುಡುಗನ ಮ್ಯಾಲ ಅಲ್ಲ."

ವಕೀಲರು ಚಾಳೀಸು ತೆಗೆದು, ಧೋತರದ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ಚಿತ್ರದ ಹತ್ತಿರ ಹೋಗಿ, ವೀಣೆಯ ಮೇಲಿನ ಕೈಯ ಪಕ್ಕಕ್ಕೆ ತಮ್ಮ ಕೈ ಹಿಡಿದು ನೋಡಿದರು. ಬಹಳ ಹೊತ್ತು ಹಾಗೇ ಹಿಡಿದಿದ್ದರು.

"ಅಕ್ಕಾ, ಸೂಟಿಗೆ ಬಂದಾಗ ನಾ ಕನ್ನಡಿ ಹಿಡಕೊಂಡು ಆ ಚಿತ್ರದ ಮುಂದ ಕುಂದರ್ತಿದ್ದೆ. ನೆಪ್ಪೈತೇನು?"

"ಐತಿ. ಅಳ್ತಿದ್ದಿ."

"ಅವ್ವ ಇಲ್ಲಂತ ಅಳ್ತಿದ್ದಿಲ್ಲ. ನನ್ನ ಮುಖದಾಗ ಆಕಿ ಎಲ್ಲೂ ಕಾಣವಲ್ಳು ಅಂತ ಅಳ್ತಿದ್ದೆ."

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವಕೀಲರು ಚಿತ್ರದ ಕೆಳಗಿನ ಮೂಲೆಯನ್ನು ಬಗ್ಗಿ ನೋಡಿ ನನ್ನ ಕಡೆ ತಿರುಗಿದರು.

"ಸಹಿ ಎಲ್ಲೈತಿ?"

"ನಕಲಿಗೆ ಸಹಿ ಮಾಡಬಾರದ್ರಿ ಸಾಹೇಬ್ರ. ಅದು ಪದ್ಧತಿ ಅಲ್ಲ."

"ಇದು ಯಾವುದರ ನಕಲು? ತೋರಸು ನೋಡೂಣು."

ಬಣ್ಣ ಕಲಸಿ, ಎಡ ಮೂಲೆಯಲ್ಲಿ ನನ್ನ ಹೆಸರು ಬರೆದೆ.

ಅಷ್ಟರಲ್ಲಿ ಅಕ್ಕ ತಮ್ಮನ ನಡುವೆ ಜಗಳ ಹತ್ತಿತು. ಯಾವುದಕ್ಕೆ? ನನ್ನ ಚಿತ್ರಕ್ಕೆ. ಹಳೆಯದನ್ನು ನೀನೇ ಇಟ್ಟುಕೊ, ನಾ ಇದನ್ನು ಒಯ್ಯುತ್ತೇನೆ ಎಂದರು ವಕೀಲರು. ನನ್ನ ತೋಳು ನೋಡಿ ಬರೆದದ್ದು, ಬಿಡುವುದಿಲ್ಲ ಎಂದರು ಆಯಿ. ಐವತ್ತು ವರ್ಷದ ಆ ಶಾಸ್ತ್ರೀಯ ಚಿತ್ರ, ನನ್ನ ಹೊಟ್ಟೆ ಉರಿಸಿದ ಚಿತ್ರ, ಯಾರಿಗೂ ಬೇಡವಾಗಿ ಗೋಡೆಗೆ ಒರಗಿ ನಿಂತಿತ್ತು. ಇನ್ನೊಂದು ಬರೆದುಕೊಡುತ್ತೇನೆ ಎಂದು ಹೇಳಲು ಬಾಯಿ ತೆರೆದವನು, ಆ ಜಗಳ ಕೇಳುವ ಸುಖಕ್ಕೆ ಸುಮ್ಮನಿದ್ದೆ.

ಕೊನೆಗೆ ಸೋತವರು ವಕೀಲರು. "ಹಿರ್ಯಾಕಿ ನೀನು. ನಿನ್ನ ಹಕ್ಕು ಮೊದಲು," ಎಂದು ಕೋಟು ಸರಿಮಾಡಿಕೊಂಡು ಬಾಗಿಲ ಕಡೆ ನಡೆದರು. ಆಯಿ ಚಿತ್ರವನ್ನು ಒಮ್ಮೆ ಕಣ್ತುಂಬ ನೋಡಿದರು. ಆಮೇಲೆ ಕರೆದರು:

"ತಮ್ಮಾ, ಒಯ್ಯಿ ನೀ. ನಾ ಆಕಿನ್ನ ನೋಡೇನಿ. ನೀ ನೋಡಿಲ್ಲ."

ನನ್ನ ಹೆಸರಿನ ಬಣ್ಣ ಇನ್ನೂ ಹಸಿಯಿತ್ತು. ಅದಕ್ಕೆ ಬೆರಳು ತಾಗದ ಹಾಗೆ, ಯಾರ ಕೈಗೂ ಕೊಡದೆ, ವಕೀಲರು ಚಿತ್ರವನ್ನು ಎದೆಗೆ ಹಿಡಿದುಕೊಂಡು ಜೀಪು ಹತ್ತಿದರು.